ನಾಲ್ಕನೆಯ ನಿಂಬೆಹಣ್ಣು

ಕಾರಿನ ಮಳಿಗೆಯಲ್ಲಿ ಒಂದು ಕೆಂಪು ಕಾರು, ಒಂದು ಕಪ್ಪು ಕಾರು ಅಕ್ಕಪಕ್ಕ ನಿಂತಿದ್ದವು. ಕೊಳ್ಳಲು ಬಂದ ಗುರುಲಿಂಗಪ್ಪ ಬೆಳಗಿನಿಂದ ಎರಡನ್ನೂ ಹೋಲಿಸಿ ನೋಡುತ್ತಲೇ ಇದ್ದ.

"ನೂರರ ವೇಗ ಮುಟ್ಟಲು ನನಗೆ ಮೂರೇ ಸೆಕೆಂಡು ಸಾಕು," ಎಂದಿತು ಕೆಂಪು ಕಾರು.

"ನನಗೆ ಅಷ್ಟು ಹೊತ್ತೂ ಬೇಡ," ಎಂದಿತು ಕಪ್ಪು ಕಾರು.

ಪೂಜೆಯ ತಟ್ಟೆಯಲ್ಲಿದ್ದ ನಿಂಬೆಹಣ್ಣೊಂದು ಕೇಳಿತು: "ನಿಲ್ಲಲು ಎಷ್ಟು ಹೊತ್ತು ಬೇಕು?"

ಕಾರುಗಳು ನಕ್ಕವು. "ಕೊಳ್ಳುವವನೇ ಅದನ್ನು ಕೇಳಿಲ್ಲ. ನಿನಗೇಕೆ?"

"ಅವನಿಗೆ ಬರುವ ಸಾವನ್ನು ನಾನು ಹೊರಬೇಕು. ಭಾರ ಎಷ್ಟೆಂದು ಮೊದಲೇ ತಿಳಿಯಬೇಡವೇ?"

ಆಗ ಗುರುಲಿಂಗಪ್ಪ ಅರ್ಚಕರನ್ನು ಕರೆದ. "ಕಪ್ಪು ಕಾರೇ ಇರಲಿ ಸ್ವಾಮಿ. ಕಣ್ಣು ಮಿಟುಕಿಸೋದ್ರೊಳಗೆ ಹಾರುತ್ತಂತೆ!"

ಅರ್ಚಕರು ನಾಲ್ಕು ಚಕ್ರಗಳ ಕೆಳಗೂ ಒಂದೊಂದು ನಿಂಬೆಹಣ್ಣು ಇಟ್ಟರು. "ಬರೋ ಅನಾಹುತವೆಲ್ಲ ಇವಕ್ಕೇ ಹೋಗಲಿ. ಮೆಲ್ಲಗೆ ಮುಂದೆ ಬಿಡಿ," ಎಂದರು.

ಕಾರು ಹೊರಟಿತು. ಮೂರು ಹಣ್ಣುಗಳು ಪಚಕ್ಕನೆ ಒಡೆದವು. ಪ್ರಶ್ನೆ ಕೇಳಿದ್ದ ಹಣ್ಣು ಮಾತ್ರ ಪಕ್ಕಕ್ಕೆ ಸರಿದು, ಉರುಳುತ್ತ ಬಂದು ಕೆಂಪು ಕಾರಿನ ಎದುರು ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಯಾರೂ ಅದನ್ನು ನೋಡಲಿಲ್ಲ.

"ನೀನೇಕೆ ತಪ್ಪಿಸಿಕೊಂಡೆ?" ಎಂದು ಕೆಂಪು ಕಾರು ಕೇಳಿತು.

"ಆ ವೇಗಕ್ಕೆ ನಾನು ಸಾಲುವುದಿಲ್ಲ."

ಹೊರಗೆ ರಸ್ತೆಯಲ್ಲಿ ಕಪ್ಪು ಕಾರಿನ ಮೊರೆತ ಏರುತ್ತ ಏರುತ್ತ ತಿರುವಿನವರೆಗೆ ಹೋಯಿತು. ಅಲ್ಲಿ ಧಡ್ ಎಂದು ಫಕ್ಕನೆ ನಿಂತುಹೋಯಿತು. ಮಳಿಗೆಯ ಚಪ್ಪಾಳೆಯೂ ನಿಂತಿತು.

ಕೆಂಪು ಕಾರು ಕಿವಿಗೊಟ್ಟು ಕಾಯಿತು. ಮತ್ತೆ ಸದ್ದು ಬರಲಿಲ್ಲ.

"ನಿಲ್ಲಲು ಅದಕ್ಕೆ ಅಷ್ಟು ಹೊತ್ತೂ ಬೇಕಾಗಲಿಲ್ಲ," ಎಂದಿತು ನಿಂಬೆಹಣ್ಣು.