ಹೆಸರುಗಲ್ಲು

ಮುಂದೆ ಬರೆದಿರುವುದರಲ್ಲಿ ಒಂದಕ್ಷರ ಸುಳ್ಳಿದ್ದರೂ ಬರೆದವನ ಮೀಸೆಯನ್ನು ಮಸಬಹಾಳದ ಕಟ್ಟೆಯ ಮೇಲೆ ಹತ್ತು ಜನರ ಎದುರು ಬೋಳಿಸಬಹುದು. ಅದೂ ನೀರು ಹಚ್ಚದೆ. ಈ ಸೀಮೆಯಲ್ಲಿ ಇದನ್ನು ಸರಿಯಾಗಿ ಬಲ್ಲವರು ಇಬ್ಬರೇ. ಒಬ್ಬರು ತೀರಿಕೊಂಡು ಬಹಳ ಕಾಲವಾಯಿತು, ಉಳಿದವರು ಈಗ ಬರೆಯುತ್ತಿದ್ದಾರೆ.

ಮಸಬಹಾಳದಿಂದ ಪೂರ್ವಕ್ಕೆ ಒಂದು ಮೈಲಿ ನಡೆದರೆ ಬಂಡೆಗಳ ಗುಡ್ಡ ಸಿಗುತ್ತದೆ. ಅದರ ಮಗ್ಗುಲಲ್ಲಿ ಹಳೆಯ ಕಲ್ಲುಗಣಿಯ ಹಳ್ಳ. ಹಳ್ಳದ ತಳದಲ್ಲಿ ಎರಡಂಕಣದ ಮನೆಯಷ್ಟು ದೊಡ್ಡ ಬಂಡೆಯೊಂದು ಒಂದು ಮೂಲೆ ನೆಲದಲ್ಲಿ ಹೂತು ಓರೆಯಾಗಿ ಬಿದ್ದಿದೆ. ಅದೇ ಹೆಸರುಗಲ್ಲು. ಹೆಸರು ಕೇಳಿ ಬಂದವರೆಲ್ಲ ಮೊದಲು ಅದರ ಸುತ್ತ ಸುತ್ತಿ ಯಾವ ರಾಜ ಏನು ಕೆತ್ತಿಸಿದ್ದಾನೆ ಎಂದು ಹುಡುಕುತ್ತಾರೆ. ಒಂದಕ್ಷರವೂ ಸಿಗುವುದಿಲ್ಲ. ಹಿಂದೆ ಅದರ ಮೇಲೆ ಹೆಸರುಕಾಳು ಒಕ್ಕುತ್ತಿದ್ದರು, ಅದಕ್ಕೇ ಆ ಹೆಸರು ಎಂದು ನಿವೃತ್ತ ಮೇಷ್ಟ್ರೊಬ್ಬರು ಬರೆದಿಟ್ಟಿದ್ದಾರೆ. ಅಷ್ಟು ಓರೆಯಾದ ಬಂಡೆಯ ಮೇಲೆ ಕಾಳು ಒಕ್ಕಿದರೆ ಒಂದು ಕಾಳೂ ಮನೆಗೆ ಬರುವುದಿಲ್ಲ ಎಂಬುದು ಆ ಮೇಷ್ಟ್ರ ಮನೆಯಾಕೆಗೂ ಗೊತ್ತಿತ್ತು. ಅವರು ಕೇಳಲಿಲ್ಲ, ಆಕೆ ಹೇಳಲಿಲ್ಲ.

ಹಿಂದೆ ಒಮ್ಮೆ, ಗಣಿಯಲ್ಲಿ ಇನ್ನೂ ಸುತ್ತಿಗೆಯ ಸದ್ದು ತುಂಬಿದ್ದ ಕಾಲದಲ್ಲಿ, ಹುಲಿಗೆವ್ವ ಎಂಬಾಕೆ ಈ ಊರಿಗೆ ಸೊಸೆಯಾಗಿ ಬಂದಳು ಎನ್ನುತ್ತಾರೆ. ಗಂಡ ಯಂಕೋಬ, ಕಲ್ಲು ಒಡೆಯುವವ. ಮಾವ ಕಲ್ಲಪ್ಪ ತೀರಿಕೊಂಡಿದ್ದ, ಅತ್ತೆ ದುರುಗವ್ವ ಗಟ್ಟಿಮುಟ್ಟಾಗಿದ್ದಳು. ಗಂಡನ ಹೆಸರನ್ನು ಹೆಂಡತಿ ಹೇಳಬಾರದು, ಮಾವನ ಹೆಸರನ್ನು ಸೊಸೆ ಹೇಳಬಾರದು ಎಂಬ ಪದ್ಧತಿ ಆಗ ಎಲ್ಲ ಕಡೆಯೂ ಇತ್ತು. ಆದರೆ ಊರಿಗೆ ಊರೇ ಕಲ್ಲು ಒಡೆದು ಬದುಕುವಾಗ ಗಂಡನ ಹೆಸರು ಕಲ್ಲಪ್ಪ ಎಂದಾದರೆ ಏನು ಮಾಡಬೇಕು? ದುರುಗವ್ವ ನಲವತ್ತು ವರ್ಷ 'ಕಲ್ಲು' ಎಂಬ ಮಾತನ್ನೇ ಆಡದೆ ಸಂಸಾರ ಮಾಡಿದಳು. ಬೀಸುವ ಕಲ್ಲು ಅವಳ ಬಾಯಲ್ಲಿ 'ಬೀಸೋದು', ಒಲೆಯ ಕಲ್ಲು 'ಒಲೀ ಕಾಲು', ಗಂಡ ದಿನವೂ ಒಡೆಯುವುದು 'ಆ ಗಟ್ಟೀದು'. ಸೊಸೆಗೂ ಅದೇ ಪಾಠವಾಯಿತು.

"ನೋಡವಾ, ಗಂಡನ ಹೆಸರ ಒಮ್ಮೆ ಬಾಯಿಂದ ಬಿತ್ತಂದ್ರ ಅವನ ಆಯುಷ್ಯದಾಗ ಒಂದು ವರ್ಷ ಕಡಿಮಿ ಆಕ್ಕತಿ. ಲಗ್ನದಾಗ ಒಡಪಿನ ಪದದಾಗ ಸೇರಿಸಿ ಹೇಳಿದಿ, ಅದನ್ನ ದೇವರು ಮಾಫ್ ಮಾಡ್ಯಾನ. ಇನ್ನ ಮಾಡೂದಿಲ್ಲ," ಎಂದು ದುರುಗವ್ವ ಮೊದಲ ದಿನವೇ ಹೇಳಿದ್ದಳು. ಹುಲಿಗೆವ್ವ ನಂಬಿದಳು. ನಿದ್ದೆಯಲ್ಲಿ ಕನವರಿಸಿ ಹೇಳಿಬಿಟ್ಟೇನೆಂದು ಕೆಲವು ದಿನ ಸೆರಗಿನ ತುದಿ ಕಚ್ಚಿಕೊಂಡು ಮಲಗಿದಳಂತೆ. ಅವಳ ಪಾಲಿಗೆ ಯಂಕೋಬ ಉಳಿದೆಲ್ಲ ಗಂಡಂದಿರಂತೆ 'ಏನ್ರೀ'. ಅವನ ಪಾಲಿಗೆ ಅವಳು ಉಳಿದೆಲ್ಲ ಹೆಂಡಿರಂತೆ 'ಏ, ಇಕಾ'.

ಈ 'ಏನ್ರೀ'ಯ ಮೇಲೆಯೇ ಗಣಿಯ ಮಧ್ಯಾಹ್ನ ನಡೆಯುತ್ತಿತ್ತು. ಗಂಡಸರು ಹಳ್ಳದ ತಳದಲ್ಲಿ ಕೆಲಸಕ್ಕಿದ್ದರೆ, ಹೆಂಗಸರು ಬುತ್ತಿ ಹೊತ್ತು ಗುಡ್ಡದ ಮೇಲಿನ ದಾರಿಯಲ್ಲಿ ಬರುತ್ತಿದ್ದರು. ಅಂಚಿನಲ್ಲಿ ಹಳ್ಳದ ಕಡೆಗೆ ಚಾಚಿಕೊಂಡ ದೊಡ್ಡ ಬಂಡೆಯಿತ್ತು. ಯಾರು ಮೊದಲು ಬರುತ್ತಾರೋ ಅವರು ಅದರ ಪಕ್ಕದಲ್ಲಿ ನಿಂತು "ಏನ್ರೀ" ಎಂದು ರಾಗವಾಗಿ ಕೂಗಬೇಕು. ಯಾರ ಹೆಂಡತಿ ಯಾರನ್ನು ಕರೆದಳೆಂದು ಯಾರೂ ಕೇಳುತ್ತಿರಲಿಲ್ಲ. ಹನ್ನೊಂದು ಜನವೂ ಉಳಿ ಸುತ್ತಿಗೆ ಕೆಳಗಿಟ್ಟು ಬಂಡೆಯ ಬುಡದ ನೆರಳಿಗೆ ಬರುತ್ತಿದ್ದರು. ಬುತ್ತಿ ಹಗ್ಗದಲ್ಲಿ ಅಲ್ಲಿಗೇ ಇಳಿಯುತ್ತಿತ್ತು. ಗಂಡಸರು ಮಾತ್ರ ಒಬ್ಬರನ್ನೊಬ್ಬರು ದಿನವಿಡೀ ಹೆಸರು ಹಿಡಿದೇ ಕರೆಯುತ್ತಿದ್ದರು. ಅಷ್ಟು ಸದ್ದಿನಲ್ಲಿ ಕಿವಿಗೆ ಬೀಳುತ್ತಿದ್ದುದು ಅದೊಂದೇ.

ಆ ವರ್ಷ ಆ ಚಾಚುಬಂಡೆಯನ್ನೇ ಸೀಳಬೇಕೆಂದು ಗಣಿಯ ಹಿರಿಯ ಅಡಿವೆಪ್ಪ ತೀರ್ಮಾನಿಸಿದ. ಸಾಲಾಗಿ ಕುಳಿ ತೋಡಿ, ಒಣಗಿದ ಮರದ ಬೆಣೆ ಬಡಿದು, ನೀರು ಹೊಯ್ದರು. ಬೆಣೆ ನೀರು ಕುಡಿದು ಉಬ್ಬಿದಾಗ ಬಂಡೆ ತಾನಾಗಿ ಸೀಳುತ್ತದೆ. "ಇನ್ನೆರಡು ದಿನ ಇದು ಅಳ್ಳಾಡಂಗಿಲ್ಲ. ಅಮಾಸಿಗೆ ಕೆಲಸ ರಜಾ, ಅವತ್ತ ಬೀಳ್ತತಿ," ಎಂದು ಅಡಿವೆಪ್ಪ ಬಂಡೆಯನ್ನು ಎತ್ತಿನ ಬೆನ್ನು ತಟ್ಟಿದಂತೆ ತಟ್ಟಿ ಹೇಳಿದ. ಅವನ ಅಂದಾಜು ಅದುವರೆಗೆ ಒಮ್ಮೆಯೂ ತಪ್ಪಿರಲಿಲ್ಲ. ಹಾಗಾಗಿ ಊಟದ ಜಾಗ ಬದಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಮರುದಿನ ಹುಲಿಗೆವ್ವ ಎಲ್ಲರಿಗಿಂತ ಮೊದಲೇ ಬಂದಳು. ಉಳಿದ ಹೆಂಗಸರು ಇನ್ನೂ ಗುಡ್ಡದ ಆಚೆ ಬದಿಯಲ್ಲಿದ್ದರು. ಬುತ್ತಿಯನ್ನು ಬಂಡೆಯ ಮೇಲಿಟ್ಟು ತಲೆಯ ಸಿಂಬೆ ತೆಗೆಯುವಷ್ಟರಲ್ಲಿ ಕಾಲ ಕೆಳಗೆ 'ಟಕ್' ಎಂದಿತು. ಒಂದು ಬೆಣೆ ಕುಳಿಯಿಂದ ಹಾರಿ ಅವಳ ಸೀರೆಯ ನೆರಿಗೆಗೆ ಬಡಿಯಿತು. ನೋಡಿದರೆ ಕುಳಿಯಿಂದ ಕುಳಿಗೆ ಕೂದಲಿನಂಥ ಬಿರುಕು ಓಡಿದೆ. ಕೂದಲು ಹುರಿಯಾಯಿತು. ಬುತ್ತಿ ಬಾಚಿಕೊಂಡು ಹಿಂದಕ್ಕೆ ಜಿಗಿದಳು, ಹುರಿ ಬೆರಳಾಯಿತು. ಬಂಡೆ ಹಳ್ಳದ ಕಡೆಗೆ ತಲೆ ಬಾಗಿಸುತ್ತಿತ್ತು, ನಿಧಾನವಾಗಿ, ತೂಕಡಿಸುವ ಮುದುಕನ ಹಾಗೆ.

ಗಾಬರಿಯಲ್ಲಿ ಬಾಯಿಗೆ ಬಂದದ್ದು ದಿನವೂ ಬರುವ ಕೂಗೇ. "ಏನ್ರೀ! ಏನ್ರೀ!"

ಕೆಳಗೆ ಹನ್ನೊಂದು ಸುತ್ತಿಗೆಗಳು ನಿಂತವು. ಹಸಿದ ಹನ್ನೊಂದು ಜನ ಕೈ ಕೊಡವಿ ಬಂಡೆಯ ಬುಡದ ಕಡೆಗೆ ಹೊರಟರು.

ಏನು ಮಾಡಿಬಿಟ್ಟೆನೆಂದು ಆಗ ಅವಳಿಗೆ ತಿಳಿಯಿತು. "ಬರಬ್ಯಾಡ್ರೀ! ಕಲ್ಲು ಬೀಳ್ತತಿ!" ಎಂದು ಕಿರುಚಿದಳು. ಮಾವನ ಹೆಸರಿನ ಕಟ್ಟು ಮುರಿಯಿತು, ಅದರ ಪರಿವೆಯೂ ಆಗಲಿಲ್ಲ. ಅಷ್ಟು ಆಳಕ್ಕೆ ಮಾತು ಇಳಿಯಲಿಲ್ಲ, ರಾಗವಷ್ಟೇ ಇಳಿಯಿತು. ಎರಡೂ ಕೈ ಬೀಸಿದಳು. ಬೇಗ ಬನ್ನಿ ಎನ್ನುತ್ತಿದ್ದಾಳೆಂದು ಅವರು ಹೆಜ್ಜೆ ದೊಡ್ಡದು ಮಾಡಿದರು. ಮಜ್ಜಿಗೆಯ ಗಡಿಗೆ ಎತ್ತಿ ಎಸೆದಳು. ಅದು ಅವರ ಮುಂದೆ ಬಿದ್ದು ಒಡೆದಾಗ ಒಬ್ಬ, "ಇವತ್ತ ಯಾರದೋ ಮನ್ಯಾಗ ಜಗಳ ಆಗೇತಿ, ಲಗೂ ನಡೀರಿ, ರೊಟ್ಟೀನೂ ಒಗೆದಾಳು," ಎಂದ. ಎಲ್ಲರೂ ನಕ್ಕರು, ನಗುತ್ತಲೇ ಬಂದರು. ನೆರಳಿಗೆ ಇನ್ನು ಇಪ್ಪತ್ತು ಹೆಜ್ಜೆ. ಎಲ್ಲರಿಗಿಂತ ಮುಂದೆ ಯಂಕೋಬ.

ಹುಲಿಗೆವ್ವನಿಗೆ ಅವನ ತಲೆಯ ರುಮಾಲು ಕಾಣುತ್ತಿತ್ತು, ಬೆಳಿಗ್ಗೆ ತಾನೇ ಹಿಂಡಿ ಕೊಟ್ಟದ್ದು. ನಾಲಿಗೆಯ ತುದಿಯಲ್ಲಿ ಆ ಹೆಸರು ಕೆಂಡದಂತೆ ಕೂತಿತ್ತು. ಹೇಳಿದರೆ ಒಂದು ವರ್ಷ ಹೋಗುತ್ತದೆ. ಅವನಿಗೆ ದೇವರು ಬರೆದಿದ್ದೇ ಒಂದು ವರ್ಷವಾದರೆ? ಹೇಳುವ ಬಾಯಿಯೇ ಕೊಲ್ಲುವ ಬಾಯಿಯಾದರೆ? ಹದಿನೈದು ಹೆಜ್ಜೆ. ತುಟಿ ಬಿಚ್ಚಿದಳು, ಉಸಿರು ಮಾತ್ರ ಬಂತು. ಕಾಲ ಬಳಿಯ ಬಿರುಕಿಗೆ ಒಂದು ಬೆಣೆ ತಾನಾಗಿ ಜಾರಿ ಬಿತ್ತು. ಹತ್ತು ಹೆಜ್ಜೆ.

"ಯಂಕೋಬಾ!"

ಗುಡ್ಡ ಅದನ್ನು ಹಿಡಿದು ಮತ್ತೆ ಹೇಳಿತು. ಅವಳು ನಿಲ್ಲಿಸಲಿಲ್ಲ. "ಯಂಕೋಬಾ! ಯಂಕೋಬಾ!"

ಹನ್ನೊಂದು ಜನ ನಿಂತಲ್ಲೇ ನಿಂತರು. ಹುಲಿ ಬಂದಿದೆ ಎಂದಿದ್ದರೆ ಅವರು ಹಾಗೆ ನಿಲ್ಲುತ್ತಿರಲಿಲ್ಲ. ಹಾಡುಹಗಲಲ್ಲಿ, ಊರ ಗಂಡಸರ ಎದುರಿಗೆ, ಹೆಂಡತಿಯೊಬ್ಬಳು ಗಂಡನ ಹೆಸರು ಹಿಡಿದು ಕೂಗುವುದನ್ನು ಅವರಲ್ಲಿ ಯಾರೂ ಕೇಳಿರಲಿಲ್ಲ, ಅವರ ಅಪ್ಪಂದಿರೂ ಕೇಳಿರಲಿಲ್ಲ. ಅಡಿವೆಪ್ಪನ ಬಾಯಿ ತೆರೆದದ್ದು ತೆರೆದೇ ಇತ್ತು. ಕೊನೆಗೆ ಅವನೇ ಅಂದ: "ಏ ತಮ್ಮಾ, ನಿನ್ನ ಕರದಾಕಿ ನಿನ್ನ ಹೇಣ್ತಿಯೋ, ನಿಮ್ಮವ್ವನೋ?" ಯಂಕೋಬನ ಕಿವಿ ಕಾದವು. ನಾಚಿಕೆಗೆ ಎರಡು ಹೆಜ್ಜೆ ಹಿಂದೆ ಸರಿದ.

ಆಗ ಬಂಡೆ ಬಿತ್ತು.

ಮೇಲಿದ್ದವಳಿಗೆ ಧೂಳಲ್ಲದೆ ಏನೂ ಕಾಣಲಿಲ್ಲ. ಧೂಳು ಹಳ್ಳ ತುಂಬಿ, ಅಂಚು ದಾಟಿ, ಅವಳ ಬಾಯಿ ಕಣ್ಣು ತುಂಬಿತು. ಸದ್ದು ಅಡಗಿದ ಮೇಲೂ ಕೆಳಗಿನಿಂದ ಒಂದು ಕೆಮ್ಮೂ ಕೇಳಲಿಲ್ಲ. ಮತ್ತೊಮ್ಮೆ ಕೂಗಲು ಅವಳಿಗೆ ಧೈರ್ಯವಿರಲಿಲ್ಲ. ಮೂರು ವರ್ಷ ಆಗಲೇ ಖರ್ಚಾಗಿತ್ತು. ಕೂತಲ್ಲೇ ಮಣ್ಣು ಹಿಡಿದುಕೊಂಡು ಕಾದಳು. ಎಷ್ಟು ಹೊತ್ತೋ, ಧೂಳಿನೊಳಗಿನಿಂದ ಒಂದು ಒರಟು ದನಿ ಬಂತು: "ಹುಲಿಗೆವ್ವಾ! ಏ ಹುಲಿಗೆವ್ವಾ! ಅದಿಯೇನ್ ಮ್ಯಾಲೆ?" ಗಂಡನೂ ಅವಳ ಹೆಸರು ಹಿಡಿದದ್ದು ಅದೇ ಮೊದಲು.

ಹನ್ನೊಂದು ಜನವೂ ಉಳಿದ, ಅವಳು ಹೆಸರು ಕೂಗಿದ ಸುದ್ದಿ ಅವಳಿಗಿಂತ ಮೊದಲೇ ಮನೆ ಮುಟ್ಟಿತ್ತು. ದುರುಗವ್ವ ಹೊಸ್ತಿಲಲ್ಲಿ ನಿಂತಿದ್ದಳು. "ಎಷ್ಟು ಸಲ ಕರದಿ?" ಎಂದಳು. "ಮೂರು ಸಲ, ಅತ್ತಿ." ಮುದುಕಿ ಬೆರಳು ಮಡಚಿ ಎಣಿಸಿ, "ಒಮ್ಮೆ ಕರದಿದ್ರ ಸಾಕಾಗ್ತಿತ್ತಲ್ಲೇನವಾ," ಎಂದು ಹೇಳಿ, ಸೊಸೆಯ ತಲೆಯ ಧೂಳನ್ನು ತನ್ನ ಸೆರಗಿನಿಂದ ಒರೆಸಿದಳು. ಯಂಕೋಬ ತೊಂಬತ್ತೇಳು ವರ್ಷ ಬದುಕಿದ ಎನ್ನುತ್ತಾರೆ. ಇವಳು ಬಾಯಿ ಮುಚ್ಚಿಕೊಂಡಿದ್ದರೆ ತುಂಬಿದ ನೂರು ಆಗುತ್ತಿತ್ತೆಂದು ಕೊನೆಯವರೆಗೂ ಬಂದವರ ಹತ್ತಿರ ದೂರು ಹೇಳುತ್ತಿದ್ದನಂತೆ.

ಇಂದು ಹೋದವರಿಗೆ ಬಂಡೆಯ ಒಂದು ಮುಖದಲ್ಲಿ ಬೆಣೆಯ ಅರ್ಧರ್ಧ ಕುಳಿಗಳ ಸಾಲು ಕಾಣುತ್ತದೆ. ಅವುಗಳ ಪೈಕಿ ಒಂಬತ್ತರಲ್ಲಿ ಮಳೆನೀರು ನಿಂತು ಗುಬ್ಬಿಗಳು ಕುಡಿಯುತ್ತವೆ. ಮಸಬಹಾಳಕ್ಕೆ ಹೊಸದಾಗಿ ಬಂದ ಸೊಸೆಯನ್ನು ಇಂದಿಗೂ ಗುಡ್ಡದ ಅಂಚಿಗೆ ಕರೆದೊಯ್ಯುತ್ತಾರೆ. ಗಂಡ ಕೆಳಗೆ ಬಂಡೆಯ ಪಕ್ಕ ನಿಲ್ಲುತ್ತಾನೆ, ಅವಳು ಒಮ್ಮೆ ಹೆಸರು ಹಿಡಿದು ಕೂಗುತ್ತಾಳೆ. ಅಲ್ಲಿ ಕೂಗಿದರೆ ವರ್ಷ ಕಡಿಮೆಯಾಗುವುದಿಲ್ಲ ಎನ್ನುತ್ತಾರೆ. ಕೆಲವರು ನಾಚುತ್ತಾರೆ, ಕೆಲವರು ನಗುತ್ತಾರೆ. ಇನ್ನು ಕೆಲವರು ಬಂದ ನಾಲ್ಕೇ ದಿನದ ಸಿಟ್ಟನ್ನೆಲ್ಲ ಸೇರಿಸಿ ಕೂಗುವುದೂ ಉಂಟು.

ಒಂದೇ ಒಂದು ಸಣ್ಣ ಸಂಗತಿ ಮಾತ್ರ ಕಟ್ಟಿದ್ದು, ಒಪ್ಪಿಕೊಳ್ಳಬೇಕು. ಈ ಕಥೆಯನ್ನು ಕಾಪಾಡಿಕೊಂಡು ಬಂದವರು ಆ ಮನೆಯ ಸೊಸೆಯಂದಿರು. ಹುಲಿಗೆವ್ವ ಏನು ಉಟ್ಟಿದ್ದಳು, ಬುತ್ತಿಯಲ್ಲಿ ಯಾವ ಪಲ್ಯವಿತ್ತು ಎಂಬುದನ್ನೂ ಹೇಳುತ್ತಾರೆ. ಅವಳು ಕೂಗಿದ ಹೆಸರು ಯಾವುದೆಂದು ಕೇಳಿದರೆ ಮಾತ್ರ ಸೆರಗು ಬಾಯಿಗೆ ಹೋಗುತ್ತದೆ. "ಯಪ್ಪಾ, ನಮ್ಮನಿ ಹಿರೇರ ಹೆಸರ ನಾವ್ ಹ್ಯಾಂಗ ಹೇಳೂನು?" ಯಂಕೋಬ ಎಂಬುದು ಬರೆದವನು ಇಟ್ಟ ಹೆಸರು.