ಹಗ್ಗ ಜಗ್ಗಿದ ಕೊಂಬೆ

ಶಾಲೆಯಂಗಳದ ಹಳೇ ಮರದ ಒಣರೆಂಬೆಗಳನ್ನು ಸವರಲು ಬೋರಣ್ಣ ಎರಡನೇ ದಿನವೂ ಬಂದ. ಮರ ಹತ್ತುವ ಮೊದಲು, ನಿನ್ನೆ ಕಟ್ಟಿದ್ದ ದಪ್ಪ ಕೊಂಬೆಗೇ ಹಗ್ಗ ಎಸೆದು, ಓರೆಯಾಗಿ ನಿಂತು, ಮೈಭಾರವೆಲ್ಲ ಹಾಕಿ ಜಗ್ಗಲು ಅಣಿಯಾದ.

ಕೊಂಬೆ ಸಿಡಿಮಿಡಿಗೊಂಡಿತು. "ಹಗ್ಗವೇ, ನಿನ್ನೆ ಸಂಜೆಯವರೆಗೂ ನಿನ್ನನ್ನೂ ನಿನ್ನ ಯಜಮಾನನನ್ನೂ ಹೊತ್ತಿದ್ದು ನಾನಲ್ಲವೇ? ಇಂದು ಮತ್ತೆ ಪರೀಕ್ಷೆಯೇ? ನಾನು ಗಟ್ಟಿ ಎಂದರೆ ನನ್ನ ಮಾತಿಗೆ ಬೆಲೆಯಿಲ್ಲವೇ?"

ಹಗ್ಗಕ್ಕೆ ನಾಚಿಕೆಯಾಯಿತು. ಉಪಕಾರ ಮಾಡಿದವರನ್ನೇ ಅನುಮಾನಿಸುವುದು ಅದಕ್ಕೂ ಹಿತವೆನಿಸಲಿಲ್ಲ. "ಬೇಸರಪಡಬೇಡ, ಅಣ್ಣಾ. ನನ್ನನ್ನು ನಂಬಿ ತೂಗಾಡುವವನಿಗೆ ಹೆಂಡತಿ ಮಕ್ಕಳಿದ್ದಾರೆ," ಎಂದಿತು.

"ಹಾಗಾದರೆ ಜಗ್ಗು! ನಾನು ಅಲುಗಿದರೆ ಕೇಳು," ಎಂದು ಕೊಂಬೆ ಸೆಟೆದು ನಿಂತಿತು.

ಬೋರಣ್ಣ ಜಗ್ಗಿದ. ಕೊಂಬೆ ಲಟಕ್ಕನೆ ಮುರಿದು ದೊಪ್ಪನೆ ನೆಲಕ್ಕೆ ಬಿತ್ತು. ಹೊರಗೆ ತೊಗಟೆ ಗಟ್ಟಿಯಾಗಿಯೇ ಇತ್ತು. ಮುರಿದ ಕಡೆಯಿಂದ ಮಾತ್ರ ಹುಳ ತಿಂದ ಹುಡಿ ಸುರಿಯುತ್ತಿತ್ತು.

ಕೊಂಬೆ ತನ್ನ ಟೊಳ್ಳನ್ನು ತಾನೇ ನೋಡಿ ದಂಗಾಯಿತು. "ಆಣೆಗೂ ನಾನು ಸುಳ್ಳಾಡಲಿಲ್ಲ, ಹಗ್ಗವೇ. ಒಳಗೆ ಹೀಗಾಗಿದೆಯೆಂದು ನನಗೇ ಗೊತ್ತಿರಲಿಲ್ಲ."

"ಬಲ್ಲೆ," ಎಂದಿತು ಹಗ್ಗ. "ಅದಕ್ಕೇ ನಿನ್ನ ಮಾತನ್ನಷ್ಟೇ ನಂಬದೆ ಜಗ್ಗಿದ್ದು."

ಬೋರಣ್ಣ ಹಗ್ಗವನ್ನು ಬಿಡಿಸಿ, ಪಕ್ಕದ ಕೊಂಬೆಗೆಸೆದು ಮತ್ತೆ ಜಗ್ಗಿದ. ಆ ಕೊಂಬೆ, "ಇನ್ನೊಮ್ಮೆ ಜಗ್ಗಿ ನೋಡು," ಎಂದಿತು.