ಹನ್ನೊಂದು ಅಂಶಗಳ ಮುಚ್ಚಳಿಕೆ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನಮ್ಮ ಗುರುಗಳಿಗೆ ಮುಖಾಮುಖಿ ಸವಾಲು ಹಾಕುವ ಎದೆಗಾರಿಕೆ ಇದ್ದದ್ದು ನನಗೊಬ್ಬನಿಗೇ. ಇಪ್ಪತ್ತು ಜನ ಶಿಷ್ಯರಲ್ಲಿ ಹತ್ತೊಂಬತ್ತು ಜನ ಹೇಳಿದ್ದಕ್ಕೆಲ್ಲ ತಲೆಯಾಡಿಸುವವರು. ನಾನು ಹಳ್ಳಿಯ ಗರಡಿಯಲ್ಲಿ ಮಣ್ಣು ತಿಂದು ಬೆಳೆದವನು. ನೇರವಾಗಿಯೇ ಕೇಳಿದೆ.

"ಬುದ್ಧೀ, ಕೆಟ್ಟವನನ್ನೂ ಕಾನೂನು ಅಡ್ಡ ನಿಂತು ಕಾಯಬೇಕೇ? ನಮ್ಮೂರಲ್ಲಾದರೆ ಇಂಥವರಿಗೆ ಅರ್ಧ ಗಂಟೆ ಸಾಕು."

"ಅರ್ಧ ಗಂಟೆಯೇ? ಅಷ್ಟು ನಿಧಾನ ಯಾಕಪ್ಪ ನಿಮ್ಮೂರಿನವರು?" ಎಂದರು ಗುರುಗಳು. ಹತ್ತೊಂಬತ್ತು ಜನವೂ ನಕ್ಕರು. ಸನ್ಯಾಸಕ್ಕೆ ಮೊದಲು ವಕೀಲಿ ಮಾಡಿದ್ದ ಗುರುಗಳು ಆಮೇಲೆ ಈ ಕತೆ ಹೇಳಿದರು.

ಯುರೋಪಿನ ಕಡೆ ಒಂದು ದ್ವೀಪದೇಶ. ಅಲ್ಲಿ ಹೊರದೇಶದವನೊಬ್ಬ ಸೆರೆಯಲ್ಲಿದ್ದ. ಅವನು ಜನರನ್ನು ಕೊಲ್ಲಲು ಸಂಚು ಹೂಡಿದ್ದಾನೆ ಎಂದು ಮಂತ್ರಿ ಹೇಳಿದ. ಸಾಕ್ಷ್ಯವೆಲ್ಲ ಗುಟ್ಟಿನದು, ತೋರಿಸಲಾಗದು ಎಂದ. ಅವನನ್ನು ಅವನ ದೇಶಕ್ಕೇ ಸಾಗಹಾಕಿ ಎಂದು ಆಜ್ಞೆಯಾಯಿತು.

ಸೆರೆಯವನು ಕೈಮುಗಿದ. "ಬೇಕಾದರೆ ಸಾಯುವ ತನಕ ಇಲ್ಲೇ ಬೀಗ ಹಾಕಿಡಿ. ಅಲ್ಲಿಗೆ ಮಾತ್ರ ಬೇಡ. ನನ್ನ ಅಣ್ಣ ಅಲ್ಲಿನ ಸೆರೆಮನೆಗೆ ನಡೆದುಕೊಂಡೇ ಹೋದ. ಹೊರಗೆ ಬಂದದ್ದು ಚಾಪೆಯಲ್ಲಿ ಸುತ್ತಿದ ಹೆಣವಾಗಿ."

ಆ ಕಡೆಯ ದೇಶಗಳಲ್ಲಿ ಒಂದು ಕಟ್ಟಳೆಯಿತ್ತು. ತಮ್ಮ ಕೈಗೆ ಸಿಕ್ಕ ಜನರನ್ನು ಸರ್ಕಾರಗಳು ಏನೇನು ಮಾಡಬಲ್ಲವು ಎಂಬುದನ್ನು ದೊಡ್ಡ ಯುದ್ಧದಲ್ಲಿ ಅವು ಕಣ್ಣಾರೆ ಕಂಡಿದ್ದವು. ಅದಕ್ಕೇ ಎಲ್ಲ ಕೂಡಿ ಒಂದು ನ್ಯಾಯಪೀಠ ಕಟ್ಟಿದ್ದವು. ಅದರ ಮುಂದೆ ಸರ್ಕಾರವೇ ಬಂದು ಉತ್ತರ ಕೊಡಬೇಕು. ಚಿತ್ರಹಿಂಸೆ ಕಾದಿರುವ ಜಾಗಕ್ಕೆ ಯಾರನ್ನೂ ತಳ್ಳಬಾರದು ಎಂದು ಆ ಪೀಠ ಹಿಂದೆಯೇ ಹೇಳಿತ್ತು. ಸೆರೆಯವನ ವಕೀಲೆ ಅಲ್ಲಿಗೆ ದೂರು ಕೊಟ್ಟಳು.

ಅಷ್ಟರಲ್ಲಿ ಅವನನ್ನು ವಿಮಾನ ಹತ್ತಿಸಿಯಾಗಿತ್ತು. ಬೇಡಿಯನ್ನು ಸೀಟಿಗೆ ಬಿಗಿದಾಗಿತ್ತು. ಬಾಗಿಲು ಹಾಕಬೇಕು, ಆಗ ಪೀಠದ ಆದೇಶ ಬಂತು: ನಾವು ಈ ದೂರು ಕೇಳಿ ಮುಗಿಸುವ ತನಕ ಕಳಿಸಕೂಡದು. ಕೆಳಗಿಳಿಸಿದರು.

ಮಂತ್ರಿ ಹಟ ಬಿಡಲಿಲ್ಲ. ಸೆರೆಯವನ ದೇಶಕ್ಕೆ ತಾನೇ ಹೋದ. ಹಿಂಸೆ ಕೊಡುವುದಿಲ್ಲ ಎಂದು ಅವರಿಂದ ಮುಚ್ಚಳಿಕೆ ಬರೆಸಿಕೊಂಡ. ಒಂದು ಸಾಲಿನ ಮುಚ್ಚಳಿಕೆ ಅವನಿಗೆ ಸಾಲಲಿಲ್ಲ.

"ಒಂದೊಂದನ್ನೂ ಬಿಡಿಸಿ ಬರೆಯಿರಿ. ವಕೀಲರಿಗೆ ಎಲ್ಲೂ ಸಂದು ಸಿಗಬಾರದು," ಎಂದ.

ಅವರು ಬಿಡಿಸಿ ಬರೆದುಕೊಟ್ಟರು. ಹನ್ನೊಂದು ಅಂಶ. ಕೆಳಗೆ ಸರ್ಕಾರದ ಮೊಹರು.

ಮಂತ್ರಿ ಪೀಠದ ಮುಂದೆ ಬಂದು ಎದೆಯುಬ್ಬಿಸಿ ನಿಂತ. "ಇಂಥ ಮುಚ್ಚಳಿಕೆಯನ್ನು ಇದುವರೆಗೆ ಯಾವ ಗಂಡಸೂ ತಂದಿಲ್ಲ."

ಪೀಠದಲ್ಲಿ ಹಿರಿಯಳಾಗಿದ್ದ ನ್ಯಾಯಾಧೀಶೆ, "ಓದಿ," ಎಂದಳು.

ಮಂತ್ರಿ ಓದಿದ. ತಲೆಕೆಳಗಾಗಿ ತೂಗುಹಾಕುವುದಿಲ್ಲ. ಅಂಗಾಲಿಗೆ ಹೊಡೆಯುವುದಿಲ್ಲ. ಉಗುರು ಕೀಳುವುದಿಲ್ಲ. ಮುಖಕ್ಕೆ ಬಟ್ಟೆ ಬಿಗಿದು ನೀರು ಸುರಿಯುವುದಿಲ್ಲ. ಏಳನೆಯದು, ಹಲ್ಲಿಗೆ ವಿದ್ಯುತ್ ತಂತಿ ಕಟ್ಟುವುದಿಲ್ಲ. ಅಲ್ಲೇ ನಿಲ್ಲಿಸಿದ್ದ ಸೆರೆಯವನು ಮುಂದಿದ್ದ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಅದೊಂದು ಅವನಿಗೂ ಗೊತ್ತಿರಲಿಲ್ಲ. ಮಂತ್ರಿ ದನಿ ತಗ್ಗಿಸಿ ಹನ್ನೊಂದನ್ನೂ ಓದಿ ಮುಗಿಸಿದ.

"ಇದನ್ನು ಬರೆಸಿದವರು ಯಾರು?"

"ಅಲ್ಲಿನ ಸೆರೆಮನೆಯ ಮುಖ್ಯಾಧಿಕಾರಿಯೇ, ಅಮ್ಮ. ನನ್ನ ಎದುರಿಗೇ ಕೂತು ಬರೆಸಿದರು."

"ಬಹಳ ಹೊತ್ತು ಯೋಚಿಸಿದರೇನು?"

"ಎಲ್ಲಿಯ ಯೋಚನೆ! ಒಂದೇ ಉಸಿರಿಗೆ ಹೇಳಿ ಬರೆಸಿಬಿಟ್ಟರು."

ನ್ಯಾಯಾಧೀಶೆ ಲೇಖನಿ ಕೆಳಗಿಟ್ಟಳು. ತಾನು ಏನು ಹೇಳಿದೆನೆಂದು ಮಂತ್ರಿಗೆ ಆಗ ತಿಳಿಯಿತು. ಅವನ ಕಿವಿ ಕೆಂಪಗಾಯಿತು.

"ಹಾಗಾದರೆ ತಕ್ಕಡಿಗೆ ಹಾಕಿ ನೋಡಿ," ಎಂದು ಕೂಗಿದ. "ಒಂದು ಕಡೆ ಇವನೊಬ್ಬ. ಇನ್ನೊಂದು ಕಡೆ ನನ್ನ ದೇಶದ ಜನ. ನಾಳೆ ಇವನು ಬಾಂಬು ಇಟ್ಟರೆ ಹೆಣ ಎತ್ತುವವರು ನೀವೋ, ನಾವೋ?"

ನ್ಯಾಯಾಧೀಶೆ ಹೇಳಿದಳು. "ನಿಮ್ಮ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ಇವನನ್ನು ಕಾವಲಿನಲ್ಲಿಡಿ. ತಪ್ಪು ರುಜುವಾತಾದರೆ ಶಿಕ್ಷೆ ಕೊಡಿ. ಆದರೆ ಚಿತ್ರಹಿಂಸೆಯನ್ನು ಯಾವ ತಕ್ಕಡಿಗೂ ಹಾಕುವಂತಿಲ್ಲ. ಇವನನ್ನು ಕಳಿಸಕೂಡದು."

ಗುರುಗಳು ಇಲ್ಲಿಗೆ ನಿಲ್ಲಿಸಿದರು. ನಾನು ಬಿಡುತ್ತೇನೆಯೇ?

"ಏನೇ ಹೇಳಿ ಬುದ್ಧೀ, ಕೊನೆಗೆ ಗೆದ್ದವನು ಕೊಲೆಗಡುಕನೇ ತಾನೇ? ಅವನಿಗೆ ಸಿಕ್ಕಿದ್ದಾದರೂ ಏನು, ಹೂವಿನ ಹಾರವೇ?"

ಅದಕ್ಕೆ ಗುರುಗಳು ಒಂದೇ ಮಾತು ಹೇಳಿದರು.

"ಅವನು ಕೊಲೆಗಡುಕನೋ ಅಲ್ಲವೋ ಎಂದು ಅದುವರೆಗೆ ಯಾರೂ ವಿಚಾರಣೆಯನ್ನೇ ನಡೆಸಿರಲಿಲ್ಲಪ್ಪ, ಅವನಿಗೆ ಸಿಕ್ಕಿದ್ದು ವಿಚಾರಣೆಯ ಒಂದು ದಿನಾಂಕ."